ಪಂಪಾಪತಿ ಎಡವಿದ ಕಡೆ

ಹೊಳೆದಂಡೆಯ ವಿಶ್ವವಿದ್ಯಾಲಯವೊಂದರಲ್ಲಿ ಕೊಟ್ರಯ್ಯ ಮೇಷ್ಟ್ರು ಸಮಾಜ ತತ್ತ್ವಶಾಸ್ತ್ರ ಹೇಳುತ್ತಿದ್ದರು, ಜೊತೆಗೆ ಬರವಣಿಗೆಯನ್ನೂ ಕಲಿಸುತ್ತಿದ್ದರು. ನಿವೃತ್ತಿ ಹತ್ತಿರ ಬಂದಿತ್ತು. ಅವರ ಬರವಣಿಗೆ ತರಗತಿ ಇನ್ನು ಯಾರ ಕೈಗೆ?

"ಇನ್ಯಾರಿಗೆ? ನನಗೇ," ಅಂದುಕೊಂಡಿದ್ದ ಹಳೇ ಶಿಷ್ಯ ಪಂಪಾಪತಿ. ಮೇಷ್ಟ್ರ ಪುಸ್ತಕದ ಚೀಲ ಹೊತ್ತು ಹೊತ್ತು ಅವನ ಹೆಗಲೇ ಜಗ್ಗಿತ್ತು.

ಮೇಷ್ಟ್ರು ನೋಡಿದರೆ, "ಜನ ಯಾಕೆ ಕೂಡಿ ಬಾಳಬೇಕು ಅಂತ ನೀನೂ ಬರಿ, ಹೊನ್ನೂರಮ್ಮನೂ ಬರೀಲಿ. ಚೆನ್ನಾಗಿ ಬರೆದವರಿಗೆ ತರಗತಿ," ಅಂದುಬಿಟ್ಟರು.

ಹೊನ್ನೂರಮ್ಮ! ಮೊನ್ನೆ ಮೊನ್ನೆ ಬಂದವಳು! ಪಂಪಾಪತಿಯ ಹೊಟ್ಟೆಗೆ ಬೆಂಕಿ ಬಿತ್ತು.

ಮೇಷ್ಟ್ರದ್ದು ಒಂದು ಪದ್ಧತಿ. ಬರೆದವರು ತಮ್ಮದನ್ನು ತಾವೇ ಓದುವಂತಿಲ್ಲ. ತಮಗೆ ಬೇಕಾದವರಿಂದ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ಬಾಯಿ ಮುಚ್ಚಿ ಕೇಳಬೇಕು. ಆಮೇಲೆ ತಿದ್ದಲು ಒಂದು ವಾರ.

ಪಂಪಾಪತಿ ಗೆಳೆಯ ಗವಿಸಿದ್ಧನನ್ನು ಹಿಡಿದ. ಅವನು ಎಲ್ಲೂ ನಿಲ್ಲದೆ ಓದಿ ಮುಗಿಸಿದ. ಎಲ್ಲರೂ "ಭೇಷ್!" ಅಂದರು.

ಹೊನ್ನೂರಮ್ಮ ಪಂಪಾಪತಿಯ ಹತ್ತಿರವೇ ಬಂದು, "ಅಣ್ಣಾ, ನಂದು ನೀವು ಓದ್ತೀರಾ?" ಅಂದಳು.

ಹುಡುಕುತ್ತಿದ್ದ ಬಳ್ಳಿ ಕಾಲಿಗೇ ತೊಡರಿತು! ಸಡಿಲ ವಾಕ್ಯ ಎಲ್ಲಿದೆ, ಜೊಳ್ಳು ವಾದ ಎಲ್ಲಿದೆ ಅಂತ ಮೊದಲೇ ಹುಡುಕಿಟ್ಟುಕೊಂಡು, ಸಭೆಯಲ್ಲಿ ಅಲ್ಲಲ್ಲೇ ಬೇಕಂತ ಎಡವಿದ. ಕೆಮ್ಮಿದ. "ಇದೇನಮ್ಮ, ತಲೆಬುಡ ತಿಳಿಯಲ್ಲ," ಅಂದ. ಜನ ನಕ್ಕರು. ಅವಳು ತಲೆ ತಗ್ಗಿಸಿ ತನ್ನ ಪ್ರತಿಯಲ್ಲಿ ಗುರುತು ಹಾಕಿಕೊಂಡಳು.

ವಾರ ಕಳೆದ ಮೇಲೆ ತರಗತಿ ಹೊನ್ನೂರಮ್ಮನದಾಯಿತು.

ಪಂಪಾಪತಿ ಮೇಷ್ಟ್ರ ಮನೆಗೆ ನುಗ್ಗಿದ. "ಇಷ್ಟು ವರ್ಷ ನಿಮ್ಮ ಕಾಲ ಬುಡದಲ್ಲಿದ್ದೆ ಸಾರ್. ಅವಳದ್ದರಲ್ಲಿ ಏನಿತ್ತು? ನೀವೇ ಕೇಳಿದ್ರಲ್ಲ!"

"ಕೇಳಿದೆ. ನೀನು ಎಡವಿದ ಕಡೆಯೆಲ್ಲ ತಿದ್ದಿದ್ದಾಳೆ. ಈಗ ಎಡವೋಣ ಅಂದ್ರೂ ಒಂದು ಕಲ್ಲಿಲ್ಲ."

"ನಂದು?"

"ಎಲ್ಲಿತ್ತೋ ಅಲ್ಲೇ ಇದೆಯಪ್ಪ. ಭೇಷ್ ಅಂದಮೇಲೆ ನೀನು ಅದನ್ನ ಮುಟ್ಟಲೇ ಇಲ್ಲ."

ಪಂಪಾಪತಿಗೆ ಆಗ ಹೊಳೆಯಿತು. ಅಯ್ಯೋ, ಅವಳನ್ನು ಗೆಲ್ಲಿಸಿದ್ದು ತಾನೇ! ಸಂಕಟಕ್ಕೆ ಕಣ್ಣಲ್ಲಿ ನೀರು ಬಂತು.

ಕಣ್ಣೊರೆಸಿಕೊಂಡು ಅಂದ: "ಇನ್ನೊಂದು ಬರೀತೀನಿ ಸಾರ್. ಅವಳ ಕೈಲೇ ಓದಿಸ್ತೀನಿ. ಆದ್ರೆ ಅವಳು ನನ್ನ ಹಾಗೆ ತಪ್ಪು ಹುಡುಕ್ತಾಳಾ? ನನ್ನ ಮೇಲೆ ಅವಳಿಗೆ ಹೊಟ್ಟೆಕಿಚ್ಚೇ ಇಲ್ಲವಲ್ಲ!"

ಮೇಷ್ಟ್ರು ಎಲೆಗೆ ಸುಣ್ಣ ಸವರುತ್ತ ಅಂದರು:

"ಹೊಟ್ಟೆಕಿಚ್ಚು ಪಡೋ ಹಾಗೆ ಬರಿಯೋ, ದಡ್ಡ."