ಮೂರು ಸಾತವ್ವನ ಅಗಸಿ

ಭಾಳ ಹಿಂದ, ಯಾವ ವರ್ಷ ಅಂತ ಮಾತ್ರ ಕೇಳಬ್ಯಾಡ್ರಿ, ಅಗಸಿಹಾಳ ಅನ್ನೋ ಒಂದೂರಾಗ ರಾಚಪ್ಪ ಅನ್ನೋ ಬಳಿಗಾರ ಇದ್ದನಂತ. ಬಳಿ ಮಾರೂದು ಹೊಟ್ಟಿಪಾಡು. ಹುಚ್ಚು ಮಾತ್ರ ಬ್ಯಾರೆ ಇತ್ತು. ಹಳೇ ಗುಡಿ, ಹಾಳು ಕೋಟಿ, ಮೆಟ್ಟಿಲ ಬಾವಿ, ಮುರುಕು ಮಂಟಪ, ಇಂಥಾವು ಕಣ್ಣಿಗೆ ಬಿದ್ವು ಅಂದ್ರ ಅವನ ಕಾಲು ಅಲ್ಲೇ ಹೂತು ಹೋಗ್ತಿದ್ವು. ಫೋಟೋ ತಗೀದ ಹೊರತು ಮುಂದ ಸರೀತಿದ್ದಿಲ್ಲ.

ಬಳಿಗಾರಗ ಕ್ಯಾಮೆರಾ ಎಲ್ಲಿಂದ ಬಂತು ಅಂತೀರಿ. ಪ್ಯಾಟಿ ಸ್ಟುಡಿಯೋದ ಮುದುಕ ಸಾಯೂಮುಂದ ಕರದು ಕೊಟ್ಟ ಅಂತಾರ. ಬಾವ್ಯಾಗ ಸಿಕ್ಕಿತ್ತು ಅಂತ ಹೇಳೋರೂ ಅದಾರ. ನೀರಾಗ ಬಿದ್ದ ಕ್ಯಾಮೆರಾ ಫೋಟೋ ತಗೀತೈತೇನು? ಹೇಳೋರಿಗೆ ಬುದ್ಧಿ ಇಲ್ಲಂದ್ರ ಕೇಳೋರಿಗಾದ್ರೂ ಬ್ಯಾಡೇನು! ಮೂರು ಕಾಲಿನ ಸ್ಟ್ಯಾಂಡು, ಮ್ಯಾಲೊಂದು ಕಟ್ಟಿಗಿ ಡಬ್ಬಿ, ಹಿಂದ ಒಂದು ಕರೇ ಅರಿವಿ. ಆ ಅರಿವಿಯೊಳಗ ತಲಿ ಹಾಕಿದ ಅಂದ್ರ ರಾಚಪ್ಪಗ ಊಟದ ನೆನಪೂ ಇರ್ತಿದ್ದಿಲ್ಲ. ಬಿಸಿಲು ಕಲ್ಲಿನ ಮ್ಯಾಲ ಅಡ್ಡ ಬೀಳೂ ತನಕ ಕಾಯ್ತಿದ್ದ. ಅಡ್ಡ ಬಿಸಿಲಿಗೆ ಸವದು ಹೋದ ಕೆತ್ತನಿನೂ ಎದ್ದು ಕಾಣ್ತೈತಿ ಅಂತಿದ್ದ.

ಮೊದಮೊದಲಿಗೆ ಬರೇ ಕಲ್ಲಿನ ಫೋಟೋ ತಗೀತಿದ್ದ. ಒಮ್ಮೆ ಒಂದು ದೊಡ್ಡ ಗುಡಿ ಫೋಟೋ ಊರ ಗೌಡಗ ತೋರಿಸಿದರ, ಇದು ಯಾರ ಮನಿ ತುಳಸಿಕಟ್ಟಿ ಅಂತ ಗೌಡ ಕೇಳಿದನಂತ. ರಾಚಪ್ಪನ ಮಾರಿ ಸಣ್ಣದಾತು. ಅವತ್ತಿನಿಂದ ಗೋಡಿ ಮಗ್ಗಲಿಗೆ ಒಬ್ಬ ಮನಷ್ಯಾನ್ನ ನಿಂದರಸಬೇಕು, ಕಲ್ಲಿಗೆ ಅಳತಿ ಸಿಗಬೇಕು ಅಂತ ಮಾಡಿದ. ಆದ್ರ ನಿಂದರೋರು ಯಾರು? ಫೋಟೋ ತಗಿಸಿಕೊಂಡ್ರ ಆಯುಷ್ಯ ಕಡಿಮಿ ಆಗ್ತೈತಿ ಅಂತ ಊರಿಗೆ ಊರೇ ದೂರ ಓಡ್ತಿತ್ತು. ಕಡೀಕ ನಿಂತಾಕಿ ಅವನ ಹೇಣ್ತಿ ಸಾತವ್ವ.

ಸಾತವ್ವ ಆಗ ಹೊಸಾ ಮದಲಗಿತ್ತಿ. ಕೆರೀ ದಂಡಿ ಮುರುಕು ಗುಡಿಯಾಗ, ಹಂಸ ಕೆತ್ತಿದ ಕಂಬದ ಮಗ್ಗಲಿಗೆ ನಿಂತದ್ದು ಆಕಿ ಮೊದಲನೇ ಫೋಟೋ. ಉಸಿರು ಬಿಗಿಹಿಡಿದು, ಒನಕಿ ನಿಂದರಿಸಿದಂಗ ನಿಂತಿದ್ಲಂತ. ಆಮ್ಯಾಲ ಗಂಡ ಹೋದಲ್ಲೆಲ್ಲಾ ಹೋದ್ಲು. ಕ್ಯಾಮೆರಾ ಸೂಕ್ಷ್ಮದ್ದು, ಅದನ್ನ ಅವನೇ ಹೊರಬೇಕು. ಬಳಿ ಗಂಟು, ಮಲಾರ ಅಂತಾರಲ್ಲ, ಅದು ಸಾತವ್ವನ ತಲಿ ಮ್ಯಾಲ. ಊರೂರು ತಿರಗ್ತಿದ್ರು. ಗುಡಿ ಕಂಡಲ್ಲಿ ಆಕಿ ಮಲಾರ ಇಳಿಸಿ ಹೋಗಿ ಗೋಡಿಗೆ ನಿಂದರೂದು, ಇವ ಅರಿವಿಯೊಳಗ ಹೊಕ್ಕು ನೋಡೂದು. ಅರಿವಿಯೊಳಗ ಎಲ್ಲಾ ತಲಿಕೆಳಗ ಕಾಣ್ತೈತಿ. ಗುಡಿನೂ ತಲಿಕೆಳಗ, ಸಾತವ್ವನೂ ತಲಿಕೆಳಗ. ಹಿಂಗ ಎಷ್ಟು ಮಳಿಗಾಲ, ಎಷ್ಟು ಚಳಿಗಾಲ ಹೋದ್ವೋ ಲೆಕ್ಕ ಇಟ್ಟೋರಿಲ್ಲ.

ಒಂದು ವರ್ಷ ಹಳ್ಳ ಉಕ್ಕಿ ಬಂತು ನೋಡ್ರಿ. ಊರಿಗೆ ಹೆಸರು ಕೊಟ್ಟ ಅಗಸಿ, ಆ ಹಳೇ ಊರಬಾಗಿಲ, ಬುನಾದಿ ಸಮೇತ ಕಿತ್ತುಕೊಂಡು ಹೋತು. ಅಗಸಿ ಇಲ್ಲದ ಅಗಸಿಹಾಳಕ್ಕ ಹೆಣ್ಣು ಯಾರು ಕೊಡ್ತಾರ? ಮದಲಿನಂಗ ಕಟ್ಟಿಸಬೇಕು ಅಂತ ದೈವ, ಅಂದ್ರ ಊರ ಹಿರೇರ ಸಭಾ, ಕೂಡಿತು. ಮದಲಿನಂಗ ಅಂದ್ರ ಎಷ್ಟೆತ್ತರ? ಒಬ್ಬ ಅಂಬಾರಿ ಆನಿ ಹೋಗೂವಷ್ಟು ಅಂದ, ಇನ್ನೊಬ್ಬ ನನ್ನ ಕೋಲು ಮುಟ್ಟತಿತ್ತು ಅಂದ. ಆಗ ರಾಚಪ್ಪ ಎದಿ ಉಬ್ಬಿಸಿಕೊಂಡು, ಪ್ರಾಯದಾಗ ತಗದ ಅಗಸಿ ಫೋಟೋ ತಂದು ನಡುವ ಇಟ್ಟ. ಕಮಾನಿನ ಕೆಳಗ ಸಾತವ್ವ ನಿಂತಿದ್ಲು. ಕಡ್ಡಿ ಇಟ್ಟು ಅಳದರು. ಕಮಾನಿನ ನೆತ್ತಿ ಸರಿಯಾಗಿ ಮೂರು ಸಾತವ್ವ ಎತ್ತರ.

ಗೋಡಿ ಕಟ್ಟೂ ಉಪ್ಪಾರ ಹನಮಂತ ದಾರ ಹಿಡಕೊಂಡು ರಾಚಪ್ಪನ ಮನಿಗೆ ಬಂದ, ಸಾತವ್ವನ್ನ ಗೋಡಿಗೆ ನಿಂದರಿಸಿ, ಅಂಗಾಲಿನಿಂದ ನೆತ್ತಿತನಕ ಅಳಕೊಂಡು ಹೋದ. ಅಗಸಿ ಎದ್ದು ನಿಂತಿತು. ಸುಗ್ಗಿ ಬಂತು. ಜ್ವಾಳದ ದಂಟು, ಕಣಿಕಿ ಅಂತಾರಲ್ಲ, ಅದನ್ನ ಹೇರಿದ ಮದಲನೇ ಬಂಡಿ ಊರು ಹೊಗೂಮುಂದ ಕಮಾನಿಗೆ ಸಿಕ್ಕೊಂಡು ನಿಂತುಬಿಡ್ತು. ಎತ್ತು ಜಗ್ಗಿದರೂ ಇಲ್ಲ, ಮಂದಿ ನೂಕಿದರೂ ಇಲ್ಲ. ಮುತ್ತ್ಯಾಗಳ ಕಾಲದಿಂದ ಸಲೀಸಾಗಿ ಹೋದ ಬಂಡಿ ಅದು!

ಉಪ್ಪಾರ ತನ್ನ ದಾರ ತಪ್ಪಿಲ್ಲ ಅಂತ ದೇವರ ಮುಟ್ಟಿ ಹೇಳಿದ. ಅಂದ್ರ ತಪ್ಪು ಯಾರದು? ಫೋಟೋದ್ದು. ರಾಚಪ್ಪನ ಡಬ್ಬಿ ಸುಳ್ಳು ಹೇಳತೈತಿ, ಜೀವಮಾನ ತಗದದ್ದೆಲ್ಲಾ ಸುಳ್ಳು ಅಂದ್ರು. ಖರೇ ಅಂತ ತೋರಿಸು, ಇಲ್ಲಾಂದ್ರ ಕ್ಯಾಮೆರಾ ಕೆರಿಗೆ ಹಾಕು ಅಂತ ದೈವದವರು ತೀರ್ಮಾನ ಕೊಟ್ರು. ರಾಚಪ್ಪ ಅವತ್ತು ಉಣ್ಣಲಿಲ್ಲ. ಮಕ್ಕಳಿಲ್ಲದ ಮನಿ, ಆ ಫೋಟೋಗಳೇ ಅವನ ಸಂತಾನ.

ಮರುದಿನ ಮುಂಜಾನೆ, ಇನ್ನೂ ನಿಂತಿರೂ ಕಲ್ಲಿಗೆ ಹೋಲಿಸಿ ತೋರಸ್ತೀನಿ ಅಂತ, ಮದಲನೇ ಫೋಟೋ ಬಗಲಾಗ ಇಟಗೊಂಡು, ಸಾತವ್ವನ್ನ ಕರಕೊಂಡು ಕೆರೀ ದಂಡಿ ಗುಡಿಗೆ ಹೋದ. ಅದೇ ಕಂಬ, ಅದೇ ಹಂಸ. ಫೋಟೋದಾಗ ಸಾತವ್ವನ ನೆತ್ತಿ ಹಂಸದ ಕೊಕ್ಕು ಮುಟ್ಟಿತ್ತು. ಆಕಿ ಹೋಗಿ ಅದೇ ಜಾಗಾದಾಗ ನಿಂತ್ಲು. ಇವ ಅರಿವಿಯೊಳಗ ಹೊಕ್ಕ. ನೋಡತಾನ, ನೆತ್ತಿಗೂ ಹಂಸಕ್ಕೂ ನಡುವ ಮೊಳದಷ್ಟು ಬರೇ ಕಲ್ಲು.

ರಾಚಪ್ಪಗ ಸಿಟ್ಟು ಬಂತು. ಜೀವ ಹೋಗೂ ಹೊತ್ತಿನಾಗ ಇಕಿ ಜೋತು ನಿಂತಾಳಲ್ಲ ಅಂತ ಅರಿವಿಯೊಳಗಿಂದನ ಕೂಗಿದ.

"ನೆಟ್ಟಗ ನಿಂದರ ಸಾತವ್ವಾ."

"ನೆಟ್ಟಗೇ ನಿಂತೀನ್ರಿ."

ಅರಿವಿ ಸರಿಸಿ ಹೊರಗ ಬಂದ. ಕಣ್ಣಿಂದ ನೋಡಿದ. ಬೆನ್ನು ಬಾಗಿತ್ತು, ಕುತಿಗಿ ಹೆಗಲಾಗ ಇಳದಿತ್ತು, ಮಲಾರ ಇಡೂ ನೆತ್ತಿ ಮ್ಯಾಲ ಕೂದಲ ಸವದಿತ್ತು. ಕಂಬ ಹಂಗ ಇತ್ತು. ಹಂಸ ಹಂಗ ಇತ್ತು.

"ಯಾವಾಗ ಬಾಗಿದಿ?" ಅಂತ ಕೇಳಿದನಂತ.

"ದಿನಾ ಒಂದೀಟು," ಅಂದ್ಲು ಸಾತವ್ವ. "ನೀವು ಕಲ್ಲು ನೋಡ್ತಿದ್ರಿ."

ರಾಚಪ್ಪ ಕಂಬದ ಬುಡಕ್ಕ ಕುಂತು ಅತ್ತ ಅಂತಾರ. ಗಂಡಸರು ಅಳಬಾರದು ಅನ್ನೋರು ಅನ್ನಲಿ, ಆ ಹೊತ್ತಿಗೆ ಅಳಲಾರದಾಂವ ಕಲ್ಲಿಗಿಂತ ಕಡಿ. ಸಾತವ್ವ ಸಮಾಧಾನ ಮಾಡಿದ್ಲೋ ಇಲ್ಲೋ, ಅದನ್ನ ಕಂಡೋರಿಲ್ಲ.

ಉಪ್ಪಾರ ಹನಮಂತ ಬಂದು ನೆಲದಿಂದ ಹಂಸದ ಕೊಕ್ಕಿನತನಕ ದಾರ ಹಿಡದ. ಕಮಾನು ಬಿಚ್ಚಿ ಮತ್ತ ಎತ್ತಿ ಕಟ್ಟಿದರು. ಕಣಿಕಿ ಬಂಡಿ ಹೂ ಎತ್ತಿದಂಗ ದಾಟಿ ಹೋತು. ಫೋಟೋ ಖರೇ ಆತು, ಕ್ಯಾಮೆರಾ ಉಳೀತು. ದೈವದವರು ಮನಿತನಕ ಬಂದು ಹೇಳಿದ್ರ ರಾಚಪ್ಪ ಹೂಂ ಅಂದನಷ್ಟ. ಆಮ್ಯಾಲೂ ಅವ ಗುಡಿ ಫೋಟೋ ತಗಿಯೂದು ಬಿಡಲಿಲ್ಲ. ಆದ್ರ ದಾರಿಯೊಳಗ ಮಲಾರ ಅವನ ತಲಿ ಮ್ಯಾಲ ಇರ್ತಿತ್ತು. ಕ್ಯಾಮೆರಾ ಸಾತವ್ವ ಹಿಡೀತಿದ್ಲು, ಕೂಸು ಹಿಡದಂಗ.

ಇವತ್ತಿಗೂ ಅಗಸಿಹಾಳದಾಗ ಅಗಸಿ ಎಷ್ಟೆತ್ತರ ಐತಿ ಅಂತ ಕೇಳ್ರಿ, ಮೂರು ಸಾತವ್ವ ಅಂತಾರ. ಉಗಾದಿ ಮರುದಿನ ಗಂಡ ಹೇಣ್ತಿ ಜೋಡಿಲೆ ಕೆರೀ ದಂಡಿ ಗುಡಿಗೆ ಹೋಗ್ತಾರ. ಹೇಣ್ತಿ ಹಂಸದ ಕಂಬಕ್ಕ ನಿಂದರತಾಳ, ಗಂಡ ಮೊಬೈಲಿನಾಗ ಫೋಟೋ ತಗೀತಾನ. ಆಮ್ಯಾಲ ಹೋದ ವರ್ಷದ ಫೋಟೋ ತಗದು ಎರಡೂ ಜೋಡಿಸಿ ನೋಡ್ತಾರ. ಹೇಣ್ತಿ ನೆತ್ತಿ ಒಂದು ಬೆರಳಿನಷ್ಟು ಇಳದಿತ್ತು ಅಂದ್ರ, ಅವತ್ತಿನಿಂದ ಆ ಮನಿಯಾಗ ನೀರಿನ ಕೊಡ ಹೊರೂದು ಗಂಡ.