ಈರಜ್ಜನ ಕೆಮ್ಮು

ಹೊಳೆ ಉಕ್ಕಿತ್ತು. ನಡುಗಡ್ಡೆಯ ಮಠದ ದೋಣಿಯನ್ನು ದಂಡೆಗೆ ಬಿಗಿದಾಗಿತ್ತು. ನೀರು ಇಳಿಯುವ ತನಕ ಅದನ್ನು ಯಾರೂ ಹತ್ತುವ ಹಾಗಿರಲಿಲ್ಲ.

ನಿರ್ವಾಣಯ್ಯ ಗುರುಗಳು ಶಿಷ್ಯ ತೋಟೇಶನನ್ನು ಕರೆದರು.

"ಮೋಡ ಮುಚ್ಚೈತಿ, ಸೋಲಾರ್ ಹಲಗಿಗೆ ಬಿಸಿಲಿಲ್ಲ. ಬ್ಯಾಟರಿಯೊಳಗ ಇದ್ದದ್ದಷ್ಟೇ. ದೋಣ್ಯಾಗ ಎಲ್ಲಾ ಆರಿಸು, ತಳದ ಪಂಪ್ ಒಂದು ಬಿಡು. ಮುದಿ ದೋಣಿ, ಜಿನುಗತೈತಿ. ನೀರು ಏರಿದ್ರ ಪಂಪ್ ತಾನೇ ಎದ್ದು ಹೊರಗ ಚೆಲ್ಲತೈತಿ."

"ಆತ್ರಿ."

"ಸಾಂತವ್ವನ ಮಗಳಿಗೆ ದಿನ ತುಂಬ್ಯಾವ. ಹೊಳಿ ಇಳಿದ ಕೂಡ್ಲೆ ಆಚಿ ದಂಡಿ ದವಾಖಾನಿಗೆ ಒಯ್ಯಬೇಕು. ಇರೋದು ಇದೊಂದೇ ದೋಣಿ."

ತೋಟೇಶ ಎಲ್ಲ ಆರಿಸಿ ಬಂದ. ಮುಸ್ಸಂಜೆಗೆ ಖಾಲಿ ದೋಣಿಯೊಳಗಿಂದ ಸದ್ದು ಬಂತು. ಗೊರ್ರ್... ಖೊಕ್, ಖೊಕ್. ಆಮೇಲೆ ನೀರು ಉಗುಳಿದ ಸದ್ದು.

ಹೋದ ವರ್ಷ ಇದೇ ದೋಣಿಯಲ್ಲಿ ಹುಟ್ಟು ಹಿಡಿದುಕೊಂಡೇ ಕಣ್ಣು ಮುಚ್ಚಿದ ಅಂಬಿಗ ಈರಜ್ಜ ಥೇಟ್ ಹೀಗೇ ಕೆಮ್ಮುತ್ತಿದ್ದ!

"ಗುರುಗಳ, ದೋಣ್ಯಾಗ ಯಾರೋ ಅದಾರ್ರಿ."

"ಯಾರೂ ಇಲ್ಲ. ಅದಕ್ಕ ಅದು ಕೆಮ್ಮಬೇಕು."

ಇಂಥ ಮಾತಿಗೆ ಧೈರ್ಯ ಬರುತ್ತದೆಯೇ? ಇದ್ದದ್ದೂ ಹೋಯಿತು. ಇಷ್ಟು ಹೇಳಿ ಗುರುಗಳು ಮೂರು ದಿನದ ಅನುಷ್ಠಾನಕ್ಕೆ ಗವಿ ಸೇರಿಬಿಟ್ಟರು.

ಮರುದಿನವೂ ತಾಸಿಗೊಮ್ಮೆ ಕೆಮ್ಮು. ಹೆದರಿಕೆಯ ಜೊತೆಗೆ ಕರುಳೂ ಚುರ್ ಅಂದಿತು. ಪಾಪ, ಮುದುಕ, ಕತ್ತಲಲ್ಲಿ ಒಬ್ಬನೇ. ತೋಟೇಶ ಕಣ್ಣು ಮುಚ್ಚಿಕೊಂಡು ಹೋಗಿ ದೋಣಿಯ ದೊಡ್ಡ ದೀಪದ ಸ್ವಿಚ್ ಒತ್ತಿ ಓಡಿ ಬಂದ.

ಮಂಜಿನೊಳಗೆ, ಆಳಿಲ್ಲದ ದೋಣಿಯಲ್ಲಿ ಆ ದೀಪ ಹಗಲೂ ರಾತ್ರಿ ಉರಿಯಿತು. ಬರಬರುತ್ತ ಕೆಂಪಾಯಿತು, ಆರಿತು. ಕೆಮ್ಮೂ ನಿಂತಿತು.

ಮೂರನೇ ಸಂಜೆ ಗುರುಗಳು ಗವಿಯಿಂದ ಹೊರಬಂದರು. ತೋಟೇಶ ಖುಷಿಯಲ್ಲಿ ಕಾಲಿಗೆ ಬಿದ್ದ.

"ಈರಜ್ಜಗ ಮುಕ್ತಿ ಸಿಕ್ತ್ರಿ! ದೀಪ ಹಚ್ಚಿಟ್ಟಿದ್ದೆ. ಮುಂಜಾನಿಯಿಂದ ಕೆಮ್ಮೇ ಇಲ್ಲ."

"ಕೆಮ್ಮು ನಿಂತೈತಿ?" ಎಂದವರೇ ಗುರುಗಳು ದಂಡೆಗೆ ಓಡಿದರು.

ದೋಣಿಯ ಅಂಚಿಗೂ ಹೊಳೆಗೂ ಗೇಣು ಉಳಿದಿತ್ತು. ಪಂಪ್ ನಿಂತು, ಒಳಗೆಲ್ಲ ಕರಿ ನೀರು. ಅದರ ಮೇಲೆ ಈರಜ್ಜನ ಹಳೇ ರುಮಾಲು ತೇಲುತ್ತ ಮೆಲ್ಲಗೆ ತಿರುಗುತ್ತಿತ್ತು.

ಗುರುಗಳು ಶಿಷ್ಯನ ಕೈಗೆ ಬಕೀಟು ಕೊಟ್ಟರು.

"ಕತ್ತಲಾತ್ರಿ ಗುರುಗಳ. ಒಂದು ಕಂದೀಲು..."

"ನೀ ಹಚ್ಚಿದ್ದೇ ಸಾಕು. ಇಳಿ."

ಇಳಿದ. ತುಂಬಿದ, ಚೆಲ್ಲಿದ. ರುಮಾಲು ಬಂದು ಕಾಲಿಗೆ ಸುತ್ತಿದಾಗ ಜೀವವೇ ಬಾಯಿಗೆ ಬಂತು. ಆದರೂ ಬಕೀಟು ಬಿಡಲಿಲ್ಲ. ನೀರು ತಗ್ಗುತ್ತಿತ್ತು, ಮತ್ತೆ ಜಿನುಗುತ್ತಿತ್ತು. ಥಂಡಿ ಎದೆಗಿಳಿದು ಗಂಟಲು ಗೊರಗೊರ ಅಂದಿತು.

ಖೊಕ್, ಖೊಕ್.

ಆಗಷ್ಟೇ ದಂಡೆಗೆ ಬಂದ ಸಾಂತವ್ವ ನಿಂತಲ್ಲೇ ನಿಂತಳು.

"ಹೊಳಿ ಇಳ್ಯಾಕತ್ತೈತ್ರಿ, ಮುಂಜಾನಿ ಮಗಳನ್ನ ಒಯ್ಯೂಣೇನು ಅಂತ ಕೇಳಾಕ ಬಂದೆ. ಅಯ್ಯ ಶಿವನ! ದೋಣ್ಯಾಗ ಈರಜ್ಜ ಕೆಮ್ಮಾಕತ್ತಾನಲ್ರಿ!"

ಗುರುಗಳು ಕತ್ತಲೆಯತ್ತ ನೋಡುತ್ತ ನಿಂತಿದ್ದರು.

"ಕೆಮ್ಮಲಿ ಬಿಡವ್ವಾ. ಅಂವ ಕೆಮ್ಮೂತನಕ ನಿನ್ನ ಮಗಳಿಗೆ ದೋಣಿ ಐತಿ."