ಪೌಡರು ಹಚ್ಚಿಕೊಂಡ ಗುಮ್ಮ

ಒಂದಾನೊಂದು ಊರಿನಲ್ಲಿ ಅಂತ ಶುರು ಮಾಡಿದರೆ, ಯಾವ ಊರು ಅಂತ ಕೇಳುವವರು ನೀವು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ತುತ್ತೂರು. ಅದೆಲ್ಲಿದೆ ಅಂತ ಮಾತ್ರ ಕೇಳಬೇಡಿ. ಕತೆ ಮುಗಿಯುವವರೆಗೆ ಇಲ್ಲೇ ಇರುತ್ತದೆ.

ಆ ಊರಿನಲ್ಲಿ ಹಸಿವಾಯಿತು ಅಂತ ಯಾರೂ ಉಣ್ಣುತ್ತಿರಲಿಲ್ಲ. ಹೆದರಿಕೆಯಾದರೆ ಉಣ್ಣುತ್ತಿದ್ದರು. ಮಕ್ಕಳು ತುತ್ತು ಬಾಯಲ್ಲಿಟ್ಟುಕೊಂಡು ಕೆನ್ನೆ ಉಬ್ಬಿಸಿ ಕೂತರೆ ತಾಯಂದಿರು "ಗುಮ್ಮ ಬಂದ ನೋಡು" ಅನ್ನುತ್ತಿದ್ದರು. ಬೇರೆ ಊರಿನಲ್ಲಿ ಅದು ಬರೀ ಮಾತು. ತುತ್ತೂರಿನಲ್ಲಿ ಗುಮ್ಮ ನಿಜವಾಗಿಯೂ ಬರುತ್ತಿದ್ದ. ಅದು ಅವನ ನೌಕರಿ. ಅವನ ಹೆಸರು ಕಾಟಯ್ಯ.

ಕಾಟಯ್ಯನ ಅಪ್ಪನೂ ಗುಮ್ಮ, ತಾತನೂ ಗುಮ್ಮ. ಆ ಮನೆತನದ ಆಸ್ತಿ ಅಂದರೆ ಒಂದು ಕರೀ ಕಂಬಳಿ. ತಾತನ ಕಾಲದಿಂದ ಅದಕ್ಕೆ ನೀರು ಸೋಕಿರಲಿಲ್ಲ. ಹುಳಿ ಮಜ್ಜಿಗೆ, ಸುಟ್ಟ ಕೂದಲು, ಬೆಳ್ಳುಳ್ಳಿ, ಮಳೆಯಲ್ಲಿ ನೆಂದ ನಾಯಿ, ಎಲ್ಲ ಸೇರಿದರೆ ಏನಾಗುತ್ತದೋ ಅದು ಅದರ ನಾತ. ಕಾಟಯ್ಯ ಬೀದಿಯ ತುದಿಯಲ್ಲಿದ್ದಾಗಲೇ ನಾತ ಮನೆಯೊಳಗೆ ಬರುತ್ತಿತ್ತು. ಮಕ್ಕಳು ಗಬಗಬ ನುಂಗುತ್ತಿದ್ದವು. ಕಂಬಳಿಯನ್ನು ಜೋಪಾನ ಮಾಡುತ್ತಿದ್ದವಳು ಅವನ ತಾಯಿ ಸಂಕವ್ವ. ದಿನಾ ಬೆಳಿಗ್ಗೆ ಮೂಸಿ ನೋಡುವಳು. ತಲೆ ಗಿರ್ರೆಂದರೆ "ಚೆಂದಾಗೈತೆ" ಅಂತ ಮಡಚಿಡುವಳು.

"ನಮ್ಮನೆ ಮಾನ ಇದರಾಗೈತೆ ಮಗಾ. ಹುಷಾರು" ಅನ್ನುವಳು.

ಇನ್ನು ಆ ಊರಿನ ದೊರೆ ಮುದ್ದುಭೂಪ. ಮೀಸೆ ಕಿವಿಯವರೆಗೆ ಬಂದಿತ್ತು, ಗೆದ್ದ ಯುದ್ಧಗಳ ಲೆಕ್ಕ ಅವನಿಗೇ ಮರೆತುಹೋಗಿತ್ತು. ಆದರೆ ಕೊನೇ ತುತ್ತಿಗೆ ಮಾತ್ರ ದಿನಾ ಹಟ. ರಾಜಮಾತೆ "ಗುಮ್ಮ ಬಂದ ಕಂದಾ" ಅನ್ನಬೇಕು, ಬಾಗಿಲ ಹಿಂದಿನಿಂದ ಕಾಟಯ್ಯ "ಗೂಂ" ಅನ್ನಬೇಕು, ಆಗ ದೊರೆ ನುಂಗುವನು. ದೊರೆ ನುಂಗಿದ ಮೇಲೆ ನಗಾರಿ. ನಗಾರಿ ಬಾರಿಸಿದ ಮೇಲೆ ಊರಿನ ದೊಡ್ಡವರಿಗೆಲ್ಲ ಊಟ. ಹೀಗೆ ಇಡೀ ತುತ್ತೂರಿನ ಹೊಟ್ಟೆ ಆ ಕಂಬಳಿಯ ನಾತದ ಮೇಲೆ ನಿಂತಿತ್ತು.

ಒಂದು ಸಂಜೆ ಕಾಟಯ್ಯ ಒಬ್ಬ ಆಚಾರಿಯ ಮನೆ ಬಾಗಿಲ ಹಿಂದೆ ಅವಿತು ನಿಂತಿದ್ದ. ತಲೆಯ ಮೇಲಿನ ಗೂಡಿನಿಂದ ಏನೋ ಉರುಳಿ ಅವನ ಕತ್ತಿನ ಮೇಲೆ ಬಿತ್ತು. ಅದೊಂದು ಪೌಡರು ಡಬ್ಬಿ. ಮುಚ್ಚಳ ತೆರೆದುಕೊಂಡು ಪುಡಿ ಒಂದಿಷ್ಟು ಬೆನ್ನಿಗಿಳಿಯಿತು.

ಅಬ್ಬಾ, ಆ ಘಮ! ಜೋರಿಲ್ಲ, ಗಲಾಟೆಯಿಲ್ಲ. ಆಗತಾನೇ ಮೀಯಿಸಿದ ಕೂಸಿನ ಕತ್ತು. ಬಿಸಿಲಲ್ಲಿ ಒಣಗಿದ ಹತ್ತಿ ಬಟ್ಟೆ. ಎಲ್ಲೋ ದೂರದಲ್ಲಿ ಒಂದೇ ಒಂದು ಕೇದಗೆ. ಕಾಟಯ್ಯ "ಗೂಂ" ಅನ್ನುವುದನ್ನು ಮರೆತು "ಹಾ" ಅಂದ.

"ಹಿಡಿಸ್ತಾ?" ಅಂತು ಡಬ್ಬಿ. "ಹಾಗಾದ್ರೆ ಕರ್ಕೊಂಡು ಹೋಗು. ಈ ಮನೆ ಕೂಸಿಗೆ ಮೀಸೆ ಬಂತು. ಅದಕ್ಕೆ ಗುಮ್ಮ ಬೇಕು, ಪೌಡರು ಬೇಡ. ನಾನು ಸುಮ್ನೆ ಕೂತಿದ್ದೀನಿ."

"ನಾನು ಗುಮ್ಮ ಕಣಮ್ಮ" ಅಂದ ಕಾಟಯ್ಯ.

"ಗುಮ್ಮನಿಗೆ ಕತ್ತಿಲ್ವಾ? ಬರ್ತೀನಿ, ಒಂದೇ ಮಾತು. ಯಾರಾದ್ರೂ ಕೇಳಿದಾಗ ನನ್ನನ್ನ 'ನಂದಲ್ಲ' ಅನ್ಬಾರ್ದು. ಅಂದ್ರೆ ನನಗೆ ಅವಮಾನ ಆಗುತ್ತೆ. ಅವಮಾನ ಆದ್ರೆ ನನ್ನ ಘಮ ಇಮ್ಮಡಿ ಆಗುತ್ತೆ."

ಕಾಟಯ್ಯ ಒಪ್ಪಿಕೊಂಡ. ಕೇಳುವವರು ಯಾರಿದ್ದಾರೆ ಅಂದುಕೊಂಡ. ಮಾರನೆಯ ದಿನ ಹುಲ್ಲಿನ ಬಣವೆಯ ಮರೆಗೆ ಹೋಗಿ ಕತ್ತಿಗೆ ಒಂದಿಷ್ಟು, ಕಂಕುಳಿಗೆ ಒಂದಿಷ್ಟು ಹಚ್ಚಿಕೊಂಡ. ಕಣ್ಣು ಮುಚ್ಚಿ ಮೂಸಿದ. ಹಾಯಾಯಿತು. ಮರುಕ್ಷಣ ನಾಚಿಕೆಯಾಯಿತು. ನೋಡುವವರು ಒಬ್ಬರೂ ಇರಲಿಲ್ಲ, ಆದರೂ ಆಯಿತು. ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿ, ಕಂಬಳಿ ಬಿಗಿಯಾಗಿ ಹೊದ್ದು ಕೆಲಸಕ್ಕೆ ಹೊರಟ.

ಮೊದಲು ಸಿಕ್ಕಿದ್ದು ಮಾದಮ್ಮನ ಮನೆ. ಅವಳ ಮಗು ಮೂಗು ಅರಳಿಸಿತು. ಹೆದರುವ ಬದಲು ಎರಡೂ ಕೈ ಚಾಚಿ "ಎತ್ಕೋ" ಅಂತು.

"ಏನ್ ಕಾಟಣ್ಣ, ಘಮಘಮ ಅಂತಿದ್ದೀಯ?" ಅಂದಳು ಮಾದಮ್ಮ.

ಕಾಟಯ್ಯನ ಮುಖ ಬೆಂಕಿಯಾಯಿತು. ಗುಮ್ಮ ಅನ್ನಿಸಿಕೊಂಡವನು ಕೂಸಿನ ಹಾಗೆ ಘಮಗುಟ್ಟಿದರೆ ನಾಲ್ಕು ಜನರಿಗೆ ಮುಖ ತೋರಿಸುವುದು ಹೇಗೆ?

"ನಂದಲ್ಲ ಕಣಕ್ಕ. ನಿಮ್ಮ ಎಮ್ಮೇದು" ಅಂದ.

ಘಮ ಇಮ್ಮಡಿಯಾಯಿತು. ಮಾದಮ್ಮ ಕೊಟ್ಟಿಗೆಗೆ ಹೋದಳು. ಅವನ ಘಮ ಅಲ್ಲಿಗೂ ಬಂದಿತ್ತು. "ಹೌದಲ್ಲ!" ಅಂದವಳೇ ಎಮ್ಮೆಯ ಕೆನ್ನೆಗೆ ದೃಷ್ಟಿಬೊಟ್ಟಿಟ್ಟು ಜೋ ಜೋ ಹಾಡಿದಳು. ಅವತ್ತಿನಿಂದ ಆ ಎಮ್ಮೆ ಜೋಗುಳವಿಲ್ಲದೆ ಹಾಲು ಕೊಡಲಿಲ್ಲ.

ಮುಂದಿನದು ಶಾನುಭೋಗರ ಮನೆ. ಅಲ್ಲೂ ಅದೇ ಪ್ರಶ್ನೆ. ಕಾಟಯ್ಯ ಅತ್ತ ಇತ್ತ ನೋಡಿ "ನಂದಲ್ಲ ಬುದ್ಧಿ. ನಿಮ್ಮ ಈ ಕಂಬದ್ದು" ಅಂದ. ಘಮ ಮತ್ತೆ ಇಮ್ಮಡಿಯಾಯಿತು. ಶಾನುಭೋಗರು ಕಂಬವನ್ನು ಕಿತ್ತು ತೊಟ್ಟಿಲಿಗೆ ಹಾಕಿದರು.

"ತಾತನ ಕಾಲದಿಂದ ನಿಂತಿದ್ದೆ. ಮಲಕ್ಕೋ ಅಂದವರು ನೀವೇ ಮೊದಲು" ಅಂತ ಕಂಬ ಕಣ್ಣೀರು ಹಾಕಿತು.

"ಹಾಗಾದ್ರೆ ನಾನೇನು ಮಾಡ್ಲಿ?" ಅಂತ ಚಾವಣಿ ಕೇಳಿತು.

"ನೀನೂ ಸ್ವಲ್ಪ ಮಲಕ್ಕೋ" ಅಂತು ಕಂಬ. ಚಾವಣಿ ಮಲಗಿತು. ಶಾನುಭೋಗರು ಬೀದಿಗೆ ಬಂದರು.

ಕಾಟಯ್ಯ ಅರಮನೆ ಮುಟ್ಟುವ ಹೊತ್ತಿಗೆ ಘಮ ಅವನಿಗಿಂತ ಮುಂಚೆ ಊಟದ ಮನೆ ಸೇರಿತ್ತು. ದೊರೆ ಕೊನೇ ತುತ್ತು ಹಿಡಿದು ಕೂತಿದ್ದ.

"ಗುಮ್ಮ ಬಂದ ಕಂದಾ" ಅಂದರು ರಾಜಮಾತೆ.

"ಗೂಂ" ಅಂದ ಕಾಟಯ್ಯ.

ದೊರೆ ಮೂಸಿದ. ನಕ್ಕ. ತುತ್ತನ್ನು ತಟ್ಟೆಗೆ ಹಾಕಿ, ರಾಜಮಾತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟ. ತುತ್ತಿಲ್ಲ, ನಗಾರಿಯಿಲ್ಲ. ಊರಿನ ದೊಡ್ಡವರೆಲ್ಲ ಎಲೆ ಮುಂದೆ ಕೈಕಟ್ಟಿ ಕೂತೇ ಇದ್ದರು. ಅನ್ನ ಆರಿತು, ಸಾರು ಆರಿತು, ಹೊಟ್ಟೆಗಳು ಕೂಗತೊಡಗಿದವು.

"ಯಾರದು ಈ ಘಮ?" ಅಂತ ಗದರಿಸಿದರು ರಾಜಮಾತೆ. "ಗುಮ್ಮನ ಮನೆಯಲ್ಲಿ ಘಮ ಹುಟ್ಟಿಸಿದವರಿಗೆ ಊರ ಮುಂದೆ ಸೀಗೆಕಾಯಿ ಸ್ನಾನ! ಅವರ ಕಂಬಳಿಗೂ ಸ್ನಾನ!"

ಗುಮ್ಮನ ಮನೆತನಕ್ಕೆ ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಕಾಟಯ್ಯ ಸುತ್ತ ನೋಡಿದ. ಎಮ್ಮೆ ಇಲ್ಲ, ಅರಮನೆಯ ಕಂಬಕ್ಕೆ ಕೈ ತೋರಿಸುವ ಧೈರ್ಯವಿಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಟ್ಟ.

"ನಂದಲ್ಲ ಬುದ್ಧಿ. ನಮ್ಮವ್ವಂದು."

ಘಮ ಕೋಟೆ ಗೋಡೆ ದಾಟಿತು.

ಸಂಕವ್ವನನ್ನು ಕರೆತಂದರು. ಮುದುಕಿ ಕೋಲೂರಿಕೊಂಡು ಬಂದಳು. ಮಗನ ಹತ್ತಿರ ನಿಂತು ಒಂದು ಸಲ ಮೂಸಿದಳು. ಅವನ ಮುಖ ನೋಡಿದಳು. ಕಾಟಯ್ಯ ನೆಲ ನೋಡಿದ.

"ಹೌದು ತಾಯಿ, ನಂದೇಯ" ಅಂದಳು ಸಂಕವ್ವ. "ಮುದುಕಿಗೆ ಸೋಕಿನ ಆಸೆ ಬಂತು. ಹುಯ್ಯಿರಿ ನೀರ."

ಅಂಗಳದಲ್ಲಿ ಹಂಡೆ ಇಟ್ಟರು. ಊರೆಲ್ಲ ಹಸಿದ ಹೊಟ್ಟೆಯಲ್ಲಿ ಬಂದು ಸುತ್ತ ನಿಂತಿತು. "ಈ ವಯಸ್ಸಲ್ಲಿ ಇವಳಿಗೇನು ಬಂತು?" ಅಂದರು. "ಗಂಡನ ಹೆಸರು ಕೆಡಿಸಿದಳು" ಅಂದರು. ಸಂಕವ್ವ ಕಂಬಳಿಯನ್ನು ಕಾಟಯ್ಯನ ಹೆಗಲಿಂದ ಬಿಚ್ಚಿ ಎದೆಗವಚಿಕೊಂಡು ಮಣೆಯ ಮೇಲೆ ಕೂತಳು. ಕಂಬಳಿ ಕೂಸಿನ ಹಾಗೆ ಮುಲುಗಿತು.

"ಕಾದಿದ್ದೀನಿ" ಅಂತು ಹಂಡೆ.

ಚೊಂಬು ಮೇಲೆದ್ದಿತು. ಪೌಡರು ಹಚ್ಚಿಕೊಂಡಾಗ ಕಾಟಯ್ಯನಿಗೆ ಆಗಿದ್ದು ಒಂದು ಚಿಟಿಕೆ ನಾಚಿಕೆ. ಈಗ ಆದದ್ದನ್ನು ಹಾಕಿಡಲು ಆ ಹಂಡೆಯೂ ಸಾಲುತ್ತಿರಲಿಲ್ಲ. ಕಾಲಿನಿಂದ ತಲೆಯವರೆಗೆ ನಾಚಿಕೆ ಏರಿ ಕಣ್ಣಿಂದ ಹೊರಗೆ ಬಂತು.

"ನಂದು!" ಅಂತ ಕಿರುಚಿದ. "ನಂದೇ ಬುದ್ಧಿ! ನಾನೇ ಹಚ್ಕೊಂಡಿದ್ದು. ನಂಗೆ ಹಿಡಿಸ್ತು. ಅವ್ವನ ಮ್ಯಾಲೆ ಹಾಕ್ದೆ, ನಾನು ಮನುಸನಲ್ಲ!" ಅಂದವನೇ ಅಂಗಳದಲ್ಲಿ ಕುಸಿದು ಗೊಳೋ ಅಂತ ಅತ್ತ.

"ಅಷ್ಟೇ ಸಾಕಾಗಿತ್ತು" ಅಂತು ಡಬ್ಬಿ. ಘಮ ಕೋಟೆಯಿಂದ ಇಳಿಯಿತು, ಬೀದಿಗಳಿಂದ ಬಂತು, ಅವನ ಕತ್ತಿನಷ್ಟೇ ಆಗಿ ಕೂತಿತು.

ಅಳುವ ಸದ್ದಿಗೆ ದೊರೆಗೆ ಎಚ್ಚರವಾಯಿತು. ಕಿಟಕಿಯಿಂದ ಇಣುಕಿದ. "ಅಳ್ತಿರೋದು ಯಾರಮ್ಮಾ?"

"ಗುಮ್ಮ ಕಂದಾ."

ದೊರೆಯ ಮೀಸೆ ಜೋತುಬಿತ್ತು. "ಗುಮ್ಮನೇ ಅಳ್ತಿದಾನೆ ಅಂದ್ರೆ, ಗುಮ್ಮನಿಗಿಂತ ದೊಡ್ಡದು ಏನೋ ಬಂದಿದೆ!" ಅಂದವನೇ ತಟ್ಟೆಗೆ ಓಡಿ ತುತ್ತು ನುಂಗಿದ. ಇನ್ನೊಂದು ತಟ್ಟೆ ತರಿಸಿ ಅದನ್ನೂ ನುಂಗಿದ. ನಗಾರಿ ಮೊಳಗಿತು. ಜನ ಸ್ನಾನವನ್ನೂ ಮರೆತು ಮನೆಗೆ ಓಡಿ ಆರಿದ ಅನ್ನವನ್ನೇ ಉಂಡರು. ನೀರು ಹುಯ್ಯಬೇಕಾದವನು ಎಲ್ಲರಿಗಿಂತ ಮುಂದೆ ಓಡಿದ್ದ.

ಅಂಗಳದಲ್ಲಿ ತಾಯಿ ಮಗ ಇಬ್ಬರೇ ಉಳಿದರು. ಕಾಟಯ್ಯ ತಲೆ ಎತ್ತಲಿಲ್ಲ.

"ಅವ್ವಾ, ಮೂಸಿದ ತಕ್ಷಣ ನಿಂಗೆ ಗೊತ್ತಾಯ್ತಾ?"

"ಗೊತ್ತಾಗದೆ ಏನ್ಲಾ?" ಅಂದಳು ಸಂಕವ್ವ. "ನೀನು ಹುಟ್ದಾಗ ಇಂಗೇ ಇದ್ದೆ. ಈ ಕಂಬಳಿ ಹೊದಿಸಿ ಕೆಡಿಸಿದೋಳು ನಾನು. ನಾಚ್ಕೆ ನಿಂಗೊಬ್ಬನಿಗೇ ಅಂದ್ಕಂಡ್ಯಾ?"

ಆಮೇಲೆ ಸೆರಗು ಸರಿಸಿ, ಸುಕ್ಕುಗಟ್ಟಿದ ಕತ್ತು ಮುಂದೆ ಮಾಡಿದಳು.

"ಒಸಿ ನಂಗೂ ಹಾಕು. ಹೆಂಗೂ ಹೆಸರು ಕೆಟ್ಟೈತೆ."

ಕಾಟಯ್ಯ ಹಾಕಿದ. ಅರ್ಧ ಪುಡಿ ನೆಲದ ಪಾಲಾಯಿತು.

ಈಗಲೂ ಕಾಟಯ್ಯ ದಿನಾ ಸಂಜೆ ಕೆಲಸಕ್ಕೆ ಹೋಗುತ್ತಾನೆ, ಪೌಡರು ಹಚ್ಚಿಕೊಂಡೇ ಹೋಗುತ್ತಾನೆ. ಬಾಗಿಲ ಹಿಂದೆ ನಿಂತು "ನಮ್ಮವ್ವಂದು" ಅಂದದ್ದನ್ನು ಒಂದು ಸಲ ನೆನೆಸಿಕೊಂಡರೆ ಸಾಕು, ಅಳು ತಾನಾಗಿ ಬರುತ್ತದೆ. ಒಳಗೆ ಮಕ್ಕಳು ಬೆದರಿ ನುಂಗುತ್ತವೆ.

ಇದರ ನೀತಿ ಏನಪ್ಪಾ ಅಂದರೆ, ಎಮ್ಮೆಗೆ ಜೋಗುಳ ಹಾಡಬಹುದು, ಕಂಬವನ್ನು ತೊಟ್ಟಿಲಿಗೆ ಹಾಕಬಾರದು. ಉಳಿದದ್ದು ನಿಮಗೇ ಗೊತ್ತು. ತುತ್ತೂರು ಬಂದ ದಾರಿ ಹಿಡಿದು ಹೋಯಿತು, ಅಲ್ಲಿನವರ ತಟ್ಟೆ ಖಾಲಿಯಾಯಿತು. ನಿಮ್ಮ ತಟ್ಟೆಯಲ್ಲಿ ಇನ್ನೂ ಒಂದು ತುತ್ತಿದೆ. ಬಾಗಿಲ ಹಿಂದೆ ಏನೋ ಮೆತ್ತಗೆ ಘಮ್ಮೆಂದಿತು, ನೋಡಿ.